ಅತ್ತಿಗೆಯ ಎಂಟುನೂರು ವಾಕ್ಯಗಳು

ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಾರೆ. ಅವರ ದನಿ ಅರ್ಧ ಊರಿಗೆ ಪರಿಚಯ. ಕಾರಿನ ಗಾಜು ಏರಿಸಿಕೊಂಡು ಒಳಗೆ ಅವರು "ಕ್ಲಚ್, ಕ್ಲಚ್" ಎಂದರೆ ಆಚೆ ಬದಿಯಲ್ಲಿ ನಡೆದುಹೋಗುವವರೂ ಒಮ್ಮೆ ಕಾಲು ಒತ್ತಿ ನಿಲ್ಲುತ್ತಾರೆ ಎಂದು ನನ್ನ ಅಣ್ಣ ಹೇಳುವುದುಂಟು. ಅಣ್ಣನದು ಕನ್ನಡಕದ ಅಂಗಡಿ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಏಳು "ಕೆಳಗಿನ ಸಾಲು ಓದಿ" ಎಂಬುದೇ. ಆ ಮನೆಯಲ್ಲಿ ಮಾತೆಲ್ಲ ಅತ್ತಿಗೆಯ ಪಾಲು.

ಅಂಥವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಮೊದಲು ದನಿ ಒರಟಾಯಿತು. ರಸ್ತೆಯ ಧೂಳು ಎಂದು ಮೂರು ತಿಂಗಳು ಬಿಸಿನೀರು ಕುಡಿದರು. ಕೊನೆಗೆ ಡಾಕ್ಟರು ಪರೀಕ್ಷೆ ಮಾಡಿ, ಗಡ್ಡೆಯನ್ನು ಪೂರ್ತಿ ತೆಗೆಯಬಹುದು, ಜೀವಕ್ಕೆ ಭಯ ಬೇಡ, ಆದರೆ ದನಿಪೆಟ್ಟಿಗೆಯನ್ನೂ ಜೊತೆಗೇ ತೆಗೆಯಬೇಕಾಗುತ್ತದೆ ಎಂದರು. ಆಪರೇಷನ್ನಿಗೆ ಹನ್ನೆರಡು ದಿನವಿತ್ತು.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಒಬ್ಬ ಹೆಂಗಸಿದ್ದರು. ಅತ್ತಿಗೆ ಅವರನ್ನು ಮಾತಿನ ಟೀಚರ್ ಎಂದು ಕರೆಯುತ್ತಿದ್ದರು. ದನಿ ಹೋಗುವ ಮೊದಲೇ ಅದನ್ನು ಕೂಡಿಟ್ಟುಕೊಳ್ಳುವ ದಾರಿಯನ್ನು ಅವರೇ ಹೇಳಿಕೊಟ್ಟದ್ದು. ಕಂಪ್ಯೂಟರಿನ ಮುಂದೆ ಕೂತು ಎಂಟುನೂರು ವಾಕ್ಯ ಓದಬೇಕು. ಒಂದು ಪ್ರೋಗ್ರಾಂ ಆ ವಾಕ್ಯಗಳಿಂದ ಒಂದು ದನಿಯನ್ನು ಹೆಣೆಯುತ್ತದೆ. ಆಮೇಲೆ ಏನು ಟೈಪ್ ಮಾಡಿದರೂ ಅದು ಅವರದೇ ದನಿಯಲ್ಲಿ ಹೊರಬರುತ್ತದೆ. ಷರತ್ತು ಎರಡು: ಕೋಣೆಯಲ್ಲಿ ಸದ್ದಿರಬಾರದು, ಮತ್ತು ಶುರುವಿನಿಂದ ಕೊನೆಯವರೆಗೆ ಸಾಧ್ಯವಾದಷ್ಟೂ ಅದೇ ಕಂಪ್ಯೂಟರ್, ಅದೇ ಮೈಕು ಇರಬೇಕು.

ಆ ಮನೆಯ ಕಂಪ್ಯೂಟರನ್ನು ಏಳು ವರ್ಷದ ಹಿಂದೆ ಬಿಡಿಭಾಗ ಕೂಡಿಸಿ ಕಟ್ಟಿಕೊಟ್ಟವಳು ನಾನು. ಕಂಪ್ಯೂಟರ್ ರಿಪೇರಿ ನನ್ನ ಕಸುಬು, ನನ್ನ ಅಂಗಡಿ ಅವರ ಮನೆಯಿಂದ ಎರಡೇ ಬೀದಿಯಾಚೆ. ಆದರೂ ಮೊದಲ ನಾಲ್ಕು ದಿನ ನನ್ನನ್ನು ಯಾರೂ ಕರೆಯಲಿಲ್ಲ. ನನಗೂ ಅತ್ತಿಗೆಗೂ ಜಗಳವೇನೂ ಇರಲಿಲ್ಲ. ಜಗಳವಾಗಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಇದ್ದದ್ದು ಬರೀ ಬಿಗುಮಾನ. ಮೂರು ವರ್ಷದ ಹಿಂದೆ ಅವರ ಬಳಿ ಕಾರು ಕಲಿಯಲು ಹೋಗಿದ್ದೆ. ಪರೀಕ್ಷೆಗೆ ಕಳಿಸಿ ಎಂದರೆ ಕಳಿಸಲಿಲ್ಲ. "ಇವಳ ಕೈ ಚಿನ್ನ. ಕಣ್ಣು ಮಾತ್ರ ಮೂಗಿನ ನೇರ ಬಿಟ್ಟು ಆಚೀಚೆ ಹೋಗಲ್ಲ. ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕೆ ಅಂದ್ಕೊಂಡಿದ್ದಾಳೆ" ಎಂದು ಬೇರೆ ಇಬ್ಬರು ಕಲಿಯುವವರ ಮುಂದೆ ಹೇಳಿದರು. ಅವರಿಬ್ಬರೂ ನಕ್ಕರು. ಅಂದಿನಿಂದ ಆ ಮನೆಗೆ ನಾನು ಹೋಗುತ್ತಿದ್ದದ್ದು ಹೋಗಲೇಬೇಕಾದಾಗ ಮಾತ್ರ.

ಐದನೆಯ ದಿನ ಬೆಳಗ್ಗೆ ಅಣ್ಣನೇ ಅಂಗಡಿಗೆ ಬಂದ. ಕೌಂಟರಿನ ಮೇಲಿದ್ದ ಕೀಬೋರ್ಡುಗಳನ್ನು ಎಣಿಸುವವನಂತೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೇಳಿದ.

"ಕಂಪ್ಯೂಟರ್ ಅರ್ಧ ಗಂಟೆಗೆ ಆರಿಹೋಗ್ತಿದೆ. ಆರೋಕೆ ಮುಂಚೆ ಫ್ಯಾನ್ ಕೂಗುತ್ತೆ. ಅದು ಕೂಗಿದ್ರೆ ಆ ಪ್ರೋಗ್ರಾಂ ವಾಕ್ಯ ತಗೊಳ್ಳಲ್ಲ. ಇಲ್ಲಿವರೆಗೆ ಅರವತ್ತೊಂದು ಆಗಿದೆ."

"ಎಂಟುನೂರರಲ್ಲಾ?"

"ಎಂಟುನೂರರಲ್ಲಿ."

ನನ್ನನ್ನು ಕರೆತರಲು ಅತ್ತಿಗೆ ಹೇಳಿದರೇ ಎಂದು ಕೇಳಿದೆ. ಅವರನ್ನು ತಾನು ಕೇಳಿಯೇ ಇಲ್ಲ ಎಂದ. ನಾನು ಷಟರ್ ಎಳೆದು ಬೀಗ ಹಾಕಿದೆ.

ಅವರ ಮನೆಯ ಸಣ್ಣ ಕೋಣೆಯನ್ನು ಅಣ್ಣ ಗುರುತು ಸಿಗದಂತೆ ಮಾಡಿಟ್ಟಿದ್ದ. ಗೋಡೆಗಳಿಗೆ ರಜಾಯಿ, ಕಂಬಳಿ ತೂಗುಹಾಕಿದ್ದ. ಕಿಟಕಿಯ ಸಂದಿಗೆ ದಿಂಬು ತುರುಕಿದ್ದ. ಕತ್ತಿಗೆ ಶಾಲು ಸುತ್ತಿಕೊಂಡು ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. "ಬಂದೆಯಾ, ತಿರುಪು?" ಎಂದರು. ಎಲ್ಲರಿಗೂ ಅಡ್ಡಹೆಸರಿಡುವುದು ಅವರ ಚಾಳಿ. ನನ್ನ ಜೇಬಲ್ಲಿ ಸದಾ ಸ್ಕ್ರೂ ಇರುತ್ತವೆಂದು ನನಗೆ ಆ ಹೆಸರು. ಜಲ್ಲಿಯ ಮೇಲೆ ಚಕ್ರ ಉರುಳಿದಂತೆ ಕೇಳಿಸಿದ ಅವರ ದನಿಗೆ ನಾನು ಸಿದ್ಧವಾಗಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಹತ್ತು ಗಂಟೆಯವರೆಗೆ ಮಾತ್ರ ದನಿ ಇರುತ್ತದೆ, ಆಮೇಲೆ ಬರೀ ಗಾಳಿ ಎಂದು ಅಣ್ಣ ಮೊದಲೇ ಹೇಳಿದ್ದ.

ಮೊದಲು ನನ್ನ ಲ್ಯಾಪ್‌ಟಾಪನ್ನೇ ಇಟ್ಟು ನೋಡಿದೆ. ಅದರ ತೆಳು ಫ್ಯಾನು ಸಿಳ್ಳೆ ಹೊಡೆಯಿತು. ಪ್ರೋಗ್ರಾಂ ಒಂದೇ ಒಂದು ವಾಕ್ಯವನ್ನೂ ಒಪ್ಪಲಿಲ್ಲ. ಹಾಗಾಗಿ ಹಳೆಯ ಪೆಟ್ಟಿಗೆಯನ್ನೇ ನೆಲಕ್ಕಿಳಿಸಿ ಬಿಚ್ಚಿದೆ. ಒಳಗೆ ಒಂದು ದಿಂಬಿಗಾಗುವಷ್ಟು ಧೂಳಿತ್ತು. ಪ್ರೊಸೆಸರಿನ ಬಿಸಿ ಮೇಲಿನ ಲೋಹದ ರೆಕ್ಕೆಗಳಿಗೆ ದಾಟಲೆಂದು ನಡುವೆ ಒಂದು ಪೇಸ್ಟ್ ಹಚ್ಚಿರುತ್ತಾರೆ. ಅದು ಒಣಗಿ ಗೋಡೆಯ ಸುಣ್ಣದ ಹಾಗೆ ಉದುರಿತು. ಒರೆಸಿ ಹೊಸದಾಗಿ ಹಚ್ಚಿದೆ. ಕೂಗುತ್ತಿದ್ದ ಫ್ಯಾನು ಬಾಯಿ ಮುಚ್ಚಿತು. ಪ್ರೊಸೆಸರ್ ನಲವತ್ತೆಂಟು ಡಿಗ್ರಿಯಲ್ಲಿ ತಣ್ಣಗಿತ್ತು. ಇನ್ನು ದಿನವಿಡೀ ಓದಿದರೂ ಆರುವುದಿಲ್ಲ ಎಂದು ಎದೆ ತಟ್ಟಿ ಹೇಳಿ ಮನೆಗೆ ಹೋದೆ.

ಮರುದಿನ ಬೆಳಗ್ಗೆ ಅತ್ತಿಗೆ ಸರಾಗವಾಗಿ ನಲವತ್ತು ವಾಕ್ಯ ಓದಿದರು. ಮೂವತ್ತನಾಲ್ಕನೆಯ ನಿಮಿಷಕ್ಕೆ, ಒಂದು ವಾಕ್ಯದ ನಡುವೆಯೇ, ಪರದೆ ಕಪ್ಪಾಯಿತು. ಅತ್ತಿಗೆ ಬೈಯಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಆ ದಿನ ಅಂಗಡಿ ತೆರೆಯಲಿಲ್ಲ. ಪೆಟ್ಟಿಗೆಯ ಪಕ್ಕ ತೆಗೆದು, ಮತ್ತೆ ಚಾಲೂ ಮಾಡಿ, ನೆಲದ ಮೇಲೆ ಕೂತು ಯೋಚಿಸಿದೆ. ಪ್ರೊಸೆಸರ್ ಐವತ್ತು ದಾಟುತ್ತಿಲ್ಲ. ಹಾಗಾದರೆ ಕುದಿಯುತ್ತಿರುವುದು ಯಾವುದು? ಮದರ್‌ಬೋರ್ಡಿನ ಮೇಲೆ ಬಿಸಿ ಅಳೆಯುವ ಜಾಗಗಳು ಇನ್ನೂ ಇರುತ್ತವೆ. ಅವುಗಳ ಪಟ್ಟಿಯನ್ನು ನಾನು ಹಿಂದಿನ ದಿನ ಕೆಳಗಿನವರೆಗೆ ನೋಡಿಯೇ ಇರಲಿಲ್ಲ. ಈಗ ನೋಡಿದೆ. ಪ್ರೊಸೆಸರಿನ ಪಕ್ಕದ ಪವರ್ ಭಾಗದಲ್ಲಿ ನೂರಾ ಹನ್ನೆರಡು ಡಿಗ್ರಿ.

ಹೊರಗಿಂದ ಬರುವ ಕರೆಂಟು ಪ್ರೊಸೆಸರಿಗೆ ನೇರವಾಗಿ ಹೋಗುವುದಿಲ್ಲ. ಹನ್ನೆರಡು ವೋಲ್ಟಾಗಿ ಬಂದದ್ದನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸಿ ಕೊಡಬೇಕು. ಆ ಕೆಲಸ ಮಾಡುವುದು ಪಕ್ಕದಲ್ಲಿ ಸಾಲಾಗಿ ನಿಂತ ಪುಟ್ಟ ಕಪ್ಪು ಚಿಪ್‌ಗಳು. ಅವಕ್ಕೆ ತಡೆಯಲಾರದಷ್ಟು ಬಿಸಿಯಾದರೆ ಮದರ್‌ಬೋರ್ಡು ತಾನು ಸುಟ್ಟುಹೋಗುವ ಬದಲು ಎಲ್ಲವನ್ನೂ ಆರಿಸಿಬಿಡುತ್ತದೆ. ಮೊದಲಿದ್ದ ಫ್ಯಾನು ಮೇಲಿನಿಂದ ಕೆಳಕ್ಕೆ ಬೀಸುತ್ತಿತ್ತು, ಆ ಸಾಲಿಗೂ ಗಾಳಿ ಸಿಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಕಿತ್ತು ಅಡ್ಡಕ್ಕೆ ಬೀಸುವ ಎತ್ತರದ ಫ್ಯಾನು ಹಾಕಿದವಳು ನಾನೇ. ಸದ್ದು ಕಡಿಮೆ ಎಂದು ಹೆಮ್ಮೆಯಿಂದ ಹಾಕಿದ್ದೆ. ಹಾಕುವಾಗ ಸ್ಕ್ರೂಡ್ರೈವರ್ ಜಾರಿ, ಆ ಚಿಪ್‌ಗಳ ಮೇಲೆ ಬಿಸಿ ಹೀರಲು ಕೂರಿಸಿದ ಲೋಹದ ಹೀಟ್‌ಸಿಂಕನ್ನು ಹಿಡಿದಿದ್ದ ಪ್ಲಾಸ್ಟಿಕ್ ಮೊಳೆಯೊಂದು ಟಕ್ಕೆಂದು ಮುರಿದದ್ದೂ ನೆನಪಾಯಿತು. ಏನೂ ಆಗಲ್ಲ ಬಿಡು ಎಂದುಕೊಂಡಿದ್ದೆ. ಬೆರಳಿಂದ ಒತ್ತಿ ನೋಡಿದರೆ ಹೀಟ್‌ಸಿಂಕ್ ಒಂದು ಕಡೆ ಮೇಲೆದ್ದು ಅಲ್ಲಾಡುತ್ತಿತ್ತು.

ಸುಮ್ಮನೆ ಸರಿಮಾಡಿ ಮುಚ್ಚಿಬಿಡಬಹುದಿತ್ತು. ಕೇಳುವವರು ಯಾರು? ಆದರೆ ಅತ್ತಿಗೆ ಎರಡಡಿ ದೂರದಲ್ಲಿ ಕೂತಿದ್ದರು.

"ಅತ್ತಿಗೆ, ಇದು ಧೂಳಿನ ತಪ್ಪಲ್ಲ. ನಂದು" ಎಂದೆ. ಮುರಿದ ಮೊಳೆ ತೋರಿಸಿ ಎಲ್ಲ ಹೇಳಿದೆ.

"ಮುರಿದಿದ್ದು ಗೊತ್ತಿತ್ತಾ ಆಗ?"

"ಗೊತ್ತಿತ್ತು. ಪ್ರೊಸೆಸರ್ ತಣ್ಣಗಿದ್ರೆ ಸಾಕು ಅಂದ್ಕೊಂಡೆ. ಪಕ್ಕ ನೋಡ್ಲಿಲ್ಲ."

ಕನ್ನಡಿಯ ಮಾತು ಈಗ ಬರುತ್ತದೆ ಎಂದು ತಲೆತಗ್ಗಿಸಿ ಕಾದೆ. ಬರಲಿಲ್ಲ.

"ಮೂರು ತಿಂಗಳು ಧೂಳು ಧೂಳು ಅಂತ ಬಿಸಿನೀರು ಕುಡ್ಕೊಂಡು ಕೂತಿದ್ದೆ ನಾನು" ಎಂದರು ಅತ್ತಿಗೆ. ಆ ಹೊತ್ತಿಗೆ ದನಿ ಹೋಗಿತ್ತು, ಗಾಳಿಯಲ್ಲೇ ಆಡಿದ ಮಾತು ಅದು. "ಪಕ್ಕ ನೋಡದೇ ಇರೋದು ನೀನೊಬ್ಬಳೇ ಅಲ್ಲ. ಸರಿಯಾಗುತ್ತಾ, ಇಲ್ವಾ, ಅಷ್ಟು ಹೇಳು."

ಆಗುತ್ತದೆ ಎಂದೆ. ಮಧ್ಯಾಹ್ನವಿಡೀ ಅದೇ ಕೆಲಸ. ಮುರಿದ ಮೊಳೆ ಕಿತ್ತು ಸ್ಪ್ರಿಂಗ್ ಇರುವ ಸ್ಕ್ರೂ ಹಾಕಿದೆ. ಹೀಟ್‌ಸಿಂಕಿನ ಅಡಿಗೆ ಬಿಸಿಯನ್ನು ದಾಟಿಸುವ ಮೆತ್ತನೆಯ ಹೊಸ ಪಟ್ಟಿ ಇಟ್ಟೆ. ಅಣ್ಣ ತನ್ನ ಅಂಗಡಿಯ ಭೂತಗನ್ನಡಿ ತಂದು, ಕೈ ನಡುಗದಂತೆ ಎರಡು ಗಂಟೆ ಹಿಡಿದು ನಿಂತ. ಆ ಸಾಲಿಗೇ ನೇರವಾಗಿ ಗಾಳಿ ಬೀಳುವಂತೆ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನೊಂದನ್ನು ಕೂರಿಸಿದೆ. ಆಮೇಲೆ ಮದರ್‌ಬೋರ್ಡಿನ ಸೆಟ್ಟಿಂಗಿಗೆ ಹೋಗಿ, ಪ್ರೊಸೆಸರ್ ಎಷ್ಟು ಕರೆಂಟು ಎಳೆಯಬಹುದು ಎನ್ನುವುದಕ್ಕೆ ಲಗಾಮು ಹಾಕಿದೆ. ಒಂದು ದನಿ ಕೇಳಿಸಿಕೊಳ್ಳಲು ಅದು ಕುದುರೆಯಂತೆ ಓಡಬೇಕಾಗಿರಲಿಲ್ಲ. ಎಷ್ಟು ಬಿಸಿಗೆ ಫ್ಯಾನು ಎಷ್ಟು ವೇಗ ತಿರುಗಬೇಕು ಎಂಬ ಗೆರೆಯೊಂದು ಪರದೆಯ ಮೇಲೆ ಇರುತ್ತದೆ. ಅದನ್ನು ಕೆಳಕ್ಕೆ ಎಳೆದು, ಅರವತ್ತೈದು ಡಿಗ್ರಿಯವರೆಗೆ ಸದ್ದೇ ಕೇಳದಂತೆ ಮಾಡಿದೆ.

ಮರುದಿನ ಕಂಪ್ಯೂಟರ್ ಆರಲಿಲ್ಲ. ಒಂದು ಗಂಟೆಯಾದರೂ ಪವರ್ ಭಾಗ ಅರವತ್ತೊಂದರಲ್ಲಿತ್ತು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಈಗ ಪ್ರೋಗ್ರಾಂ ಹಟ ಹಿಡಿಯಿತು. ಮೂರರಲ್ಲಿ ಎರಡು ವಾಕ್ಯಗಳಿಗೆ 'ಹಿನ್ನೆಲೆಯಲ್ಲಿ ಸದ್ದಿದೆ' ಎಂದು ವಾಪಸು ಕೊಟ್ಟಿತು. ನನಗೆ ಯಾವ ಸದ್ದೂ ಕೇಳಿಸಲಿಲ್ಲ. ಅಣ್ಣ ಫ್ರಿಜ್ ಆರಿಸಿದ, ಗೋಡೆ ಗಡಿಯಾರವನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟ. ಪ್ರಯೋಜನವಾಗಲಿಲ್ಲ.

ಅತ್ತಿಗೆ ಬೆರಳೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ಎಂಜಿನ್ನಿನ ಕಾಯಿಲೆಯನ್ನು ಕಿವಿಯಲ್ಲೇ ಹಿಡಿಯುವವರು ಅವರು. ಕಣ್ಣು ಮುಚ್ಚಿಕೊಂಡು ಒಂದು ವಾಕ್ಯ ಓದಿದರು, ನಿಲ್ಲಿಸಿದರು, ಕೇಳಿದರು. ಇನ್ನೊಂದು ಓದಿದರು, ಮತ್ತೆ ಕೇಳಿದರು.

"ಕೀ ಅನ್ನುತ್ತೆ, ಸೊಳ್ಳೆ ಥರ. ನಾನು ಓದುವಾಗ ಇಲ್ಲ. ನಿಲ್ಲಿಸಿದ ಕೂಡ್ಲೆ ಶುರು. ಕೆಲಸ ಕೊಟ್ರೆ ತೆಪ್ಪಗಿರುತ್ತೆ, ಬಿಟ್ರೆ ಕಿರುಚುತ್ತೆ."

ಒಂದು ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಪೆಟ್ಟಿಗೆಯೊಳಗೆ ಇಟ್ಟು, ಇನ್ನೊಂದಕ್ಕೆ ಕಿವಿಯಿಟ್ಟೆ. ಮೈಯೆಲ್ಲ ಕಿವಿಯಾದ ಮೇಲೆ ನನಗೂ ಕೇಳಿಸಿತು. ಅದು ಬರುತ್ತಿದ್ದದ್ದು ಅದೇ ಪವರ್ ಭಾಗದ ತಂತಿಸುರುಳಿಗಳಿಂದ. ಕರೆಂಟು ಉಳಿಸಲೆಂದು ಪ್ರೊಸೆಸರ್ ಕೆಲಸವಿಲ್ಲದ ಪ್ರತಿ ಚಿಟಿಕೆ ಹೊತ್ತಿನಲ್ಲೂ ನಿದ್ದೆಗೆ ಜಾರುತ್ತದೆ, ಕೂಡಲೇ ಏಳುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ ಸಾವಿರಾರು ಸಲ. ಅದು ಎದ್ದು ಕರೆಂಟು ಎಳೆದಾಗಲೆಲ್ಲ ಸುರುಳಿ ಅದುರುತ್ತಿತ್ತು. ವಾಕ್ಯಕ್ಕೆ ಮುಂಚೆ ಮತ್ತು ಆಮೇಲೆ ಪ್ರೋಗ್ರಾಂ ಕೋಣೆಯ ಮೌನವನ್ನು ಅಳೆಯುತ್ತದಲ್ಲ, ಆಗಲೇ ಅದಕ್ಕೆ ಈ ಕೀ ಸಿಗುತ್ತಿತ್ತು.

"ಕಾರಾಗಿದ್ರೆ ನೀವೇನು ಮಾಡ್ತೀರಿ?" ಎಂದು ಕೇಳಿದೆ.

"ನಿಂತಾಗಲೂ ಎಂಜಿನ್ ಚೂರು ಜೋರಾಗಿ ಓಡೋ ಹಾಗೆ ಐಡ್ಲಿಂಗ್ ಏರಿಸ್ತೀನಿ."

ನಾನು ಮಾಡಿದ್ದೂ ಅದನ್ನೇ. ಸೆಟ್ಟಿಂಗಿನಲ್ಲಿ ಆಳವಾದ ನಿದ್ದೆಯನ್ನು ತೆಗೆದುಹಾಕಿ, ಪ್ರೊಸೆಸರ್ ಸದಾ ಅರೆ ಎಚ್ಚರದಲ್ಲಿ ಇರುವಂತೆ ಮಾಡಿದೆ. ಸ್ವಲ್ಪ ಕರೆಂಟು ಹೆಚ್ಚು ತಿಂದಿತು, ಮೂರು ಡಿಗ್ರಿ ಬಿಸಿ ಏರಿತು. ಹೊಸ ಫ್ಯಾನು ಅದನ್ನು ತಡೆದುಕೊಂಡಿತು. ಅತ್ತಿಗೆ ಮತ್ತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅವತ್ತಿಗೆ ಒಟ್ಟು ನೂರಾ ಐವತ್ತು ವಾಕ್ಯಗಳಾಗಿದ್ದವು. ಹನ್ನೆರಡನೆಯ ದಿನ ಸಂಜೆ ಆಸ್ಪತ್ರೆ ಸೇರಬೇಕು. ಉಳಿದದ್ದು ಐದು ಬೆಳಗುಗಳು.

ದಿನಾ ಆರೂವರೆಗೆ ನಾನು ಹೋಗಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂರುತ್ತಿದ್ದೆ. ಕೆಲಸ ಬಿಸಿ ನೋಡುತ್ತಿರುವುದು, ಅಷ್ಟೆ. ಆ ವಾಕ್ಯಗಳನ್ನು ಬರೆದವರು ಯಾರೋ, ಒಂದಕ್ಕೊಂದು ಸಂಬಂಧವಿಲ್ಲ. 'ನಿಮ್ಮ ಛತ್ರಿಯನ್ನು ಬಾಗಿಲ ಹಿಂದೆ ಇಡಿ' ಎಂದಾದ ಮೇಲೆ 'ಜಿರಾಫೆಗೆ ಕೆಮ್ಮು ಬಂದರೆ ಬಹಳ ಹೊತ್ತು ಬೇಕು'. ಇದನ್ನು ಬರೆದವರಿಗೆ ಮನೆಯಲ್ಲಿ ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ ಎಂದು ಅತ್ತಿಗೆ ಗೊಣಗಿದರು. ಅದೂ ರೆಕಾರ್ಡ್ ಆಗಿ, ಅಳಿಸಬೇಕಾಯಿತು. ಎರಡು ದಿನ ನೂರಾ ನಲವತ್ತರಂತೆ ಆದವು.

ಮೂರನೆಯ ದಿನ ಅತ್ತಿಗೆಯ ಕಣ್ಣು ಕೆಂಪಾಗಿತ್ತು. ಅಕ್ಷರ ತೇಲುತ್ತವೆ ಎಂದರು. ಎಪ್ಪತ್ತಕ್ಕೆ ನಿಲ್ಲಿಸಿ, ಮೈಕನ್ನು ದೂರ ತಳ್ಳಿದರು. "ಸಾಕು. ಇದ್ದಷ್ಟರಲ್ಲಿ ಏನಾಗುತ್ತೋ ಆಗ್ಲಿ" ಎಂದರು. ಯಂತ್ರವಾದರೆ ನನಗೆ ಎಲ್ಲಿ ಕೈಯಿಡಬೇಕೆಂದು ಗೊತ್ತಾಗುತ್ತದೆ.

ಬಾಗಿಲಾಚೆ ಬಿಸಿನೀರಿನ ಲೋಟ ಹಿಡಿದು ನಿಂತಿದ್ದ ಅಣ್ಣ ಒಳಗೆ ಬಂದ. ಲೋಟ ಇಟ್ಟ. ವಾಕ್ಯಗಳ ಹಾಳೆ ತೆಗೆದುಕೊಂಡು ಅತ್ತಿಗೆಯ ಕಾಲ ಬಳಿ ಕೂತ. ಮುಂದಿನ ವಾಕ್ಯವನ್ನು ತಾನೇ ಮೆಲ್ಲಗೆ ಓದಿ ಹೇಳಿದ. "ನೀನು ಕಣ್ಣು ಮುಚ್ಕೋ. ನಾನು ಹೇಳ್ತೀನಿ, ನೀನು ಹಿಂದೇನೇ ಹೇಳು." ಅತ್ತಿಗೆ ಅವನನ್ನೇ ನೋಡಿದರು. ಆಮೇಲೆ ಮೈಕನ್ನು ಹತ್ತಿರ ಎಳೆದುಕೊಂಡರು. ಅಣ್ಣ ಹೇಳುವುದು, ನಾನು ಗುಂಡಿ ಒತ್ತುವುದು, ಅತ್ತಿಗೆ ನುಡಿಯುವುದು. ಉಳಿದ ಬೆಳಗುಗಳು ಹೀಗೇ ಕಳೆದವು. ನನ್ನ ಅಣ್ಣ ಒಟ್ಟು ಮುನ್ನೂರು ವಾಕ್ಯಗಳಷ್ಟು ಮಾತಾಡಿದ. ಮದುವೆಯಾದಾಗಿನಿಂದ ಕೂಡಿಸಿದರೂ ಅಷ್ಟು ಆಗಿರಲಿಕ್ಕಿಲ್ಲ ಎಂದು ಅತ್ತಿಗೆ ಆಮೇಲೆ ಹೇಳಿದರು.

ಹನ್ನೆರಡನೆಯ ದಿನ ಒಂಬತ್ತೂ ನಲವತ್ತಕ್ಕೆ ಎಂಟುನೂರನೆಯದು ಮುಗಿಯಿತು. ಇಪ್ಪತ್ತು ನಿಮಿಷದ ದನಿ ಇನ್ನೂ ಮಿಕ್ಕಿತ್ತು. ಬೇಕಾದ ಮಾತುಗಳನ್ನು ಹಾಗೆಯೇ ಉಳಿಸಿಕೊಳ್ಳಲು ಪ್ರೋಗ್ರಾಮಿನಲ್ಲಿ ಜಾಗವಿತ್ತು. ಅತ್ತಿಗೆ ಅಣ್ಣನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. "ಕ್ಲಚ್ ನಿಧಾನಕ್ಕೆ ಬಿಡು" ಎಂದರು. "ಗಾಬರಿ ಬೇಡ, ನನ್ನ ಕಾಲೂ ಬ್ರೇಕಿನ ಮೇಲಿದೆ" ಎಂದರು. ಬೈಗುಳಗಳನ್ನು ಸೌಮ್ಯ, ಮಧ್ಯಮ, ಖಾರ ಎಂದು ವಿಂಗಡಿಸಿ ಒಂಬತ್ತು ಹೇಳಿದರು. ಕೊನೆಯ ಮೂರು ಮಾತು ಅಣ್ಣನಿಗೆಂದೇ ಇದ್ದವು. ಅವನ್ನು ನಾನು ಇಲ್ಲಿ ಹೇಳುವುದಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದರು. ಐದು ವಾರ ಅತ್ತಿಗೆ ಸ್ಲೇಟಿನ ಮೇಲೆ ಬರೆದು ಸಂಸಾರ ನಡೆಸಿದರು, ಸ್ಲೇಟಿನ ಮೇಲೂ ಬೈದರು. ಆಮೇಲೆ ಒಂದು ಮಧ್ಯಾಹ್ನ ದನಿ ಸಿದ್ಧವಾಗಿ ಬಂತು. ನಾನು ಅದನ್ನು ಅವರ ಫೋನಿಗೆ ಹಾಕಿಕೊಟ್ಟೆ. ಅತ್ತಿಗೆ ಒಂದು ಬೆರಳಿನಲ್ಲಿ ಟೈಪ್ ಮಾಡಿ ಗುಂಡಿ ಒತ್ತಿದರು.

"ಇನ್ನು ನಿಮ್ಮ ಸರದಿ. ಮಾತಾಡಿ" ಎಂದಿತು ಫೋನು, ಅಣ್ಣನ ಕಡೆಗೆ.

ಅದೇ ಒರಟು, ಅದೇ ಕೊನೆಯ ಅಕ್ಷರವನ್ನು ಒತ್ತುವ ರೀತಿ. ಅಣ್ಣ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. 'ರಿವರ್ಸ್' ಎಂದು ಟೈಪ್ ಮಾಡಿದರೆ ಯಂತ್ರ 'ರೀವರಸ್ಸು' ಎಂದಿತು. ಅದಕ್ಕೆ ಅತ್ತಿಗೆ ನಕ್ಕರು. ಸದ್ದೇ ಇಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಆ ನಗುವನ್ನು ಕೂಡಿಡಲು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅದೊಂದು ಕೊರತೆ ಇಂದಿಗೂ ಇದೆ.

ನಾಲ್ಕು ತಿಂಗಳಿಗೆ ಅವರು ಮತ್ತೆ ಪಾಠ ಶುರುಮಾಡಿದರು. ಪಕ್ಕದ ಸೀಟಿನ ಮುಂದೆ ಫೋನು, ಅದರ ಮೇಲೆ ಎಂಟು ದೊಡ್ಡ ಗುಂಡಿಗಳು. ಮೊದಲಾದರೆ ಕೂಗುತ್ತಿದ್ದರು, ಈಗ ಸಮಾಧಾನವಾಗಿ ಹೇಳುತ್ತಾರೆ, ಅದೇ ಹೆಚ್ಚು ಭಯ ಎನ್ನುತ್ತಾರೆ ಕಲಿಯುವವರು.

ಮೊನ್ನೆ ಅಂಗಡಿಗೆ ಅವರ ಕರೆ ಬಂತು. ಅವರು ಟೈಪ್ ಮಾಡುವಷ್ಟು ಹೊತ್ತು ಈ ಕಡೆ ಸುಮ್ಮನೆ ಕಾಯಬೇಕು, ನನಗೆ ಅದು ರೂಢಿಯಾಗಿದೆ.

"ಮಾತಿನ ಟೀಚರ್ ಹತ್ರ ಇನ್ನೊಬ್ಬರು ಬಂದಿದ್ದಾರೆ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡೋರು. ಅವರ ಮನೆ ಕಂಪ್ಯೂಟರ್ ಗಿರಣಿ ಥರ ಕೂಗುತ್ತಂತೆ."

ಕಾದೆ.

"ಆಪರೇಷನ್ನಿಗೆ ಒಂಬತ್ತು ದಿನ ಇದೆ. ನೀನು ಬಿಚ್ಚು, ನಾನು ಕೇಳ್ತೀನಿ."

ಕಾಲು ಗಂಟೆಗೆ ಕಾರು ಬಂತು. ಉಪಕರಣಗಳ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ ಹೊರಟೆವು. ಮೂರನೆಯ ಮಹಡಿಯ ಮನೆ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಹರಿದ ಕಾಗದದಂಥ ದನಿ. ಇದೆಲ್ಲ ಮಾಡಿ ಏನು ಬರುತ್ತದೆ, ಬರುವುದು ಕೊನೆಗೆ ಯಂತ್ರದ ದನಿಯೇ ಅಲ್ಲವೇ ಎಂದು ಅವರು ಬಾಗಿಲಲ್ಲೇ ನನ್ನನ್ನು ಕೇಳಿದರು. ಅತ್ತಿಗೆ ನಿಂತಲ್ಲೇ ಟೈಪ್ ಮಾಡುತ್ತಿದ್ದರು.

"ಇದು ನನ್ನ ದನಿ" ಎಂದಿತು ಫೋನು. "ಇಪ್ಪತ್ತೆರಡು ವರ್ಷ ಇದರಲ್ಲೇ ಊರಿಗೆಲ್ಲ ಬೈದಿದ್ದೀನಿ. ಯಾರನ್ನ ಬೇಕಾದ್ರೂ ಕೇಳಿ."

ಅವರು ಫೋನನ್ನು ನೋಡಿದರು, ಅತ್ತಿಗೆಯ ಕತ್ತಿನ ಶಾಲನ್ನು ನೋಡಿದರು. ಬಾಗಿಲಿಂದ ಪಕ್ಕಕ್ಕೆ ಸರಿದರು. ನಾನು ನೆಲದ ಮೇಲೆ ಕೂತು ಪೆಟ್ಟಿಗೆಯ ಮೊದಲ ಸ್ಕ್ರೂ ತಿರುಗಿಸುವಷ್ಟರಲ್ಲಿ ಅವರು ಕುರ್ಚಿಯನ್ನು ಮೈಕಿನ ಹತ್ತಿರಕ್ಕೆ ಎಳೆದುಕೊಂಡು, ಮೊದಲನೆಯ ವಾಕ್ಯ ಯಾವುದು ಎಂದು ಕೇಳುತ್ತಿದ್ದರು.